ತಲೆಯೊಳಗಿನ ಬಟಾಣಿ ಕಾಳು

ಗೂಡಲೂರಿನ ಕಡೆಯ ಓದುಗರೊಬ್ಬರಿಂದ ನಮಗೊಂದು ಪತ್ರ ಬಂದಿದೆ. ಅವರ ಅಣ್ಣನವರಿಗೆ ಅರುವತ್ತು ದಾಟಿದ ವಯಸ್ಸು. ಎರಡು ತಿಂಗಳಿನಿಂದ ಬಿಡದ ತಲೆನೋವು, ಒಂದು ದೀಪ ಎರಡಾಗಿ ಕಾಣುವ ತೊಂದರೆ, ಎಷ್ಟು ಕುಡಿದರೂ ತೀರದ ಬಾಯಾರಿಕೆ. ಊರಿಂದೂರಿಗೆ ಅಲೆದ ಮೇಲೆ ದೊಡ್ಡ ಆಸ್ಪತ್ರೆಯೊಂದರಲ್ಲಿ ಮೂಗಿನ ದಾರಿಯಿಂದ ಚೂರು ತೆಗೆದು ಪರೀಕ್ಷಿಸಿ, ಪಿಟ್ಯುಟರಿ ಗ್ರಂಥಿಯಲ್ಲಿ ಲಿಂಫೋಮಾ ಎಂದು ಬರೆದುಕೊಟ್ಟಿದ್ದಾರೆ. ಇಂಗ್ಲಿಷಿನಲ್ಲಿ ಬರೆದುದನ್ನು ತಮಿಳಿನಲ್ಲಿ ವಿವರಿಸಿದರಂತೆ. ಅದನ್ನು ಮನೆಗೆ ಬಂದು ಅತ್ತಿಗೆಯವರಿಗೆ ಕನ್ನಡದಲ್ಲಿ ಹೇಳಹೊರಟಾಗ ಮಾತೇ ಸಿಗಲಿಲ್ಲವಂತೆ. ಇದು ಅಂಟುರೋಗವೇ, ಮಕ್ಕಳಿಗೆ ಬರುವುದೇ, ಅಷ್ಟು ಸಣ್ಣದೊಂದು ಗ್ರಂಥಿಯಿಂದ ಇಷ್ಟೆಲ್ಲ ಉಪದ್ರವ ಹೇಗೆ ಸಾಧ್ಯ ಎಂದು ಅವರು ಕೇಳಿದ್ದಾರೆ.

ಮೊದಲೆರಡು ಪ್ರಶ್ನೆಗಳ ಉತ್ತರ ಚಿಕ್ಕದು. ಇದು ಅಂಟುರೋಗವಲ್ಲ, ತಂದೆಯಿಂದ ಮಕ್ಕಳಿಗೆ ಬಳುವಳಿಯಾಗಿ ಬರುವ ರೋಗವೂ ಅಲ್ಲ. ರೋಗಿಯ ತಟ್ಟೆ ಲೋಟಗಳನ್ನು ಬೇರೆ ಇಡಬೇಕಾದುದಿಲ್ಲ, ಮೊಮ್ಮಕ್ಕಳನ್ನು ತೊಡೆಯ ಮೇಲಿನಿಂದ ಇಳಿಸಬೇಕಾದುದೂ ಇಲ್ಲ. ಇಷ್ಟನ್ನು ಅತ್ತಿಗೆಯವರಿಗೆ ಇಂದೇ ಹೇಳಿಬಿಡಬಹುದು. ಮೂರನೆಯ ಪ್ರಶ್ನೆ ಮಾತ್ರ ಹಾಗೆ ಎರಡು ಮಾತಿಗೆ ಮುಗಿಯುವಂಥದಲ್ಲ. ನಾವು ವೈದ್ಯರಲ್ಲ, ಪಾಠ ಹೇಳುವವರು. ಆದುದರಿಂದ ಪಾಠದ ರೀತಿಯಲ್ಲಿಯೇ ಹೇಳುತ್ತೇವೆ. ಚಿಕಿತ್ಸೆಯ ನಿರ್ಣಯವು ವೈದ್ಯರಿಗೆ ಸೇರಿದ್ದು. ಅವರು ಹೇಳಿದುದನ್ನು ಮನೆಯವರು ತಿಳಿದುಕೊಳ್ಳುವಂತಾದರೆ ನಮ್ಮ ಕೆಲಸ ಆಯಿತು.

ಎರಡು ಹುಬ್ಬುಗಳ ನಡುವಿನಿಂದ ನೇರ ಹಿಂದಕ್ಕೆ ಒಂದು ಗೆರೆಯನ್ನೂ, ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಅಡ್ಡವಾಗಿ ಒಂದು ಗೆರೆಯನ್ನೂ ಎಳೆದರೆ, ಅವು ಕೂಡುವ ಸ್ಥಳದ ಸಮೀಪದಲ್ಲಿ, ಮಿದುಳಿನ ಅಡಿಯಲ್ಲಿ ಈ ಗ್ರಂಥಿ ಇದೆ. ಗಾತ್ರ ಬಟಾಣಿ ಕಾಳಿನಷ್ಟು. ತೂಕ ಹೆಚ್ಚುಕಡಮೆ ಅರ್ಧ ಗ್ರಾಂ. ತಲೆಬುರುಡೆಯ ಬುಡದ ಎಲುಬಿನಲ್ಲಿ ಅದಕ್ಕಾಗಿಯೇ ಒಂದು ಸಣ್ಣ ಗುಳಿಯಿದೆ. ನೋಡಲು ಕುದುರೆಯ ಜೀನಿನಂತಿರುವುದರಿಂದ ಅದಕ್ಕೆ ‘ತುರ್ಕಿ ಜೀನು’ ಎಂಬ ಅರ್ಥದ ಲ್ಯಾಟಿನ್ ಹೆಸರನ್ನು ಇಟ್ಟಿದ್ದಾರೆ. ತೊಟ್ಟಿನಿಂದ ಹಣ್ಣು ತೂಗುವಂತೆ ಗ್ರಂಥಿಯು ಸಣ್ಣ ಕಾಂಡವೊಂದರಿಂದ ಮಿದುಳಿಗೆ ತಗಲಿಕೊಂಡಿರುತ್ತದೆ. ಅದರ ನೆತ್ತಿಯ ಮೇಲೆಯೇ ಎರಡು ಕಣ್ಣುಗಳ ನರಗಳು ಒಂದನ್ನೊಂದು ಹಾಯುತ್ತವೆ. ಎರಡು ಪಕ್ಕಗಳಲ್ಲಿ ಕಣ್ಣುಗುಡ್ಡೆಯನ್ನು ತಿರುಗಿಸುವ ನರಗಳು ಸಾಗುತ್ತವೆ. ಇಕ್ಕಟ್ಟಾದ ಈ ನೆರೆಹೊರೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಹಳೆಯ ಕಾಲದ ಗ್ರೀಕ್ ವೈದ್ಯ ಗೇಲನ್ ಎಂಬಾತನು ಮಿದುಳಿನ ಕಶ್ಮಲವು ಈ ಗ್ರಂಥಿಯ ಮೂಲಕ ಶೋಧಿಸಿ ಮೂಗಿಗೆ ಇಳಿದು ನೆಗಡಿಯ ಸಿಂಬಳವಾಗುತ್ತದೆಂದು ತಿಳಿದಿದ್ದನು. ಪಿಟ್ಯುಟರಿ ಎಂಬ ಹೆಸರಿಗೂ ಕಫವೆಂದೇ ಮೂಲಾರ್ಥ. ಆ ನಂಬಿಕೆ ಎಂದೋ ಬಿದ್ದುಹೋಯಿತು. ಆದರೆ ಮೂಗಿಗೂ ಈ ಗ್ರಂಥಿಗೂ ಇರುವ ನಂಟು ಬೇರೊಂದು ರೀತಿಯಲ್ಲಿ ನಿಜವಾಯಿತು: ೧೯೦೭ರಲ್ಲಿ ಆಸ್ಟ್ರಿಯಾ ದೇಶದ ಶ್ಲೋಫರ್ ಎಂಬ ಶಸ್ತ್ರವೈದ್ಯರು ತಲೆಬುರುಡೆಯನ್ನು ತೆರೆಯದೆ ಮೂಗಿನ ಮಾರ್ಗದಿಂದಲೇ ಇದನ್ನು ಮುಟ್ಟಿದರು. ಈ ಹೊತ್ತಿಗೂ ಬಹುಪಾಲು ಶಸ್ತ್ರಕ್ರಿಯೆಗಳು ನಡೆಯುವುದು ಅದೇ ದಾರಿಯಲ್ಲಿ. ನಮ್ಮ ಪತ್ರಲೇಖಕರ ಅಣ್ಣನವರಿಗೆ ಮೂಗಿನಿಂದ ಚೂರು ತೆಗೆದುದೇಕೆಂಬ ಬೆರಗು ಇನ್ನು ಉಳಿಯಲಾರದು.

ಶಾಲೆಯ ವಿಜ್ಞಾನ ಪುಸ್ತಕಗಳಲ್ಲಿ ಇದನ್ನು ನಿರ್ನಾಳ ಗ್ರಂಥಿಗಳ ಒಡೆಯನೆಂದು ಕರೆಯುವ ರೂಢಿಯಿದೆ. ನಮಗೆ ಆ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಇದು ಒಡೆಯನಲ್ಲ, ಮುಖ್ಯೋಪಾಧ್ಯಾಯ. ಮೇಲಿನ ಶಿಕ್ಷಣಾಧಿಕಾರಿಯ ಕಚೇರಿಯಿಂದ, ಎಂದರೆ ಮಿದುಳಿನ ಹೈಪೋಥಲಾಮಸ್ ಎಂಬ ಭಾಗದಿಂದ, ಸುತ್ತೋಲೆ ಬರಬೇಕು. ಅದನ್ನೋದಿ ಇದು ತರಗತಿ ತರಗತಿಗೆ ಆಜ್ಞೆ ಕಳುಹಿಸಬೇಕು. ಮುಖ್ಯೋಪಾಧ್ಯಾಯರ ಅಧಿಕಾರವೆಷ್ಟೆಂಬುದು ನಮಗೆ ಚೆನ್ನಾಗಿ ಗೊತ್ತು. ಆದರೂ ಆತ ರಜೆ ಹಾಕಿದ ದಿನ ಗಂಟೆ ಹೊಡೆಯುವುದರಿಂದ ಹಿಡಿದು ಮಧ್ಯಾಹ್ನದ ಊಟದವರೆಗೆ ಯಾವುದೂ ಸರಿಯಾಗಿ ನಡೆಯುವುದಿಲ್ಲವೆಂಬುದೂ ಅಷ್ಟೇ ನಿಜ.

ಗ್ರಂಥಿಯ ಮುಂಭಾಗದಿಂದ ಹೊರಡುವ ಹಾರ್ಮೋನುಗಳಲ್ಲಿ ಒಂದು ಕೊರಳಿನ ಥೈರಾಯಿಡ್ ಗ್ರಂಥಿಯನ್ನು ನಡೆಸುತ್ತದೆ. ಒಂದು ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರೆನಲ್ ಗ್ರಂಥಿಗಳಿಂದ ಕಾರ್ಟಿಸಾಲ್ ಎಂಬ ರಸವನ್ನು ಸುರಿಸುತ್ತದೆ. ಎರಡು ಹಾರ್ಮೋನುಗಳು ಸಂತಾನಾಂಗಗಳನ್ನು ನೋಡಿಕೊಳ್ಳುತ್ತವೆ. ಒಂದು ಮಕ್ಕಳ ಬೆಳವಣಿಗೆಗೆ, ಒಂದು ಬಾಣಂತಿಯ ಎದೆಹಾಲಿಗೆ. ಹಿಂಭಾಗದ್ದು ಬೇರೆಯೇ ವ್ಯವಸ್ಥೆ. ಹೈಪೋಥಲಾಮಸ್‌ನಲ್ಲಿ ತಯಾರಾದ ಎರಡು ಹಾರ್ಮೋನುಗಳನ್ನು ಅದು ದಾಸ್ತಾನಿಟ್ಟು ಬೇಕಾದಾಗ ಬಿಡುತ್ತದೆ. ಅವುಗಳಲ್ಲಿ ಒಂದು ಹೆರಿಗೆಗೆ ಸಂಬಂಧಿಸಿದ ಆಕ್ಸಿಟೋಸಿನ್, ಇನ್ನೊಂದು ವಾಸೋಪ್ರೆಸಿನ್. ಈ ಎರಡನೆಯದೇ ನಮ್ಮ ಇಂದಿನ ಲೇಖನದ ಮುಖ್ಯ ಪಾತ್ರ. ದೇಹದ ನೀರು ವ್ಯರ್ಥವಾಗಿ ಹರಿದುಹೋಗದಂತೆ ಮೂತ್ರಪಿಂಡಗಳಿಗೆ ಎಚ್ಚರಿಕೆ ಕೊಡುವುದು ಅದರ ಕೆಲಸ.

ಇನ್ನು ಲಿಂಫೋಮಾ. ನಮ್ಮ ದೇಹದಲ್ಲಿ ರಕ್ತನಾಳಗಳಂತೆಯೇ ದುಗ್ಧರಸದ ನಾಳಗಳೂ, ಅವುಗಳ ನಡುನಡುವೆ ಕಾವಲು ಠಾಣೆಗಳಂತೆ ದುಗ್ಧಗ್ರಂಥಿಗಳೂ ಇವೆ. ಕಾಲಿಗೆ ಗಾಯವಾದಾಗ ತೊಡೆಸಂದಿಯಲ್ಲಿ ಏಳುವ ಗಡ್ಡೆ ಇಂತಹ ಠಾಣೆಯೇ. ಅಲ್ಲಿರುವ ಕಾವಲುಗಾರ ಕಣಗಳಿಗೆ ಲಿಂಫೋಸೈಟುಗಳೆಂದು ಹೆಸರು. ಈ ಕಣಗಳೇ ಕೆಟ್ಟು, ಅಂಕೆಯಿಲ್ಲದೆ ಬೆಳೆದರೆ ಅದು ಲಿಂಫೋಮಾ. ಏಡಿಗಂತಿಯ ಒಂದು ಜಾತಿ. ಲಂಡನ್ನಿನ ಥಾಮಸ್ ಹಾಡ್ಜ್‌ಕಿನ್ ಎಂಬ ವೈದ್ಯರು ೧೮೩೨ರಲ್ಲಿ ಇದರ ಒಂದು ಬಗೆಯನ್ನು ಮೊದಲು ವರ್ಣಿಸಿದರು. ಸಾಮಾನ್ಯವಾಗಿ ಇದು ಕತ್ತು, ಕಂಕುಳು, ತೊಡೆಸಂದಿಗಳಲ್ಲಿ ನೋವಿಲ್ಲದ ಗಂಟಾಗಿ ಕಾಣಿಸಿಕೊಳ್ಳುತ್ತದೆ.

ಪಿಟ್ಯುಟರಿಯಲ್ಲಾದರೋ ಇಂತಹ ಕಾವಲು ಠಾಣೆಯೇ ಇಲ್ಲ. ಠಾಣೆಯಿಲ್ಲದ ಊರಿನಲ್ಲಿ ಪೋಲೀಸರೇ ದಂಗೆಯೆದ್ದಂತೆ ಇದು. ಎಷ್ಟೋ ವೇಳೆ ದೇಹದ ಬೇರೆಡೆ ಇರುವ ಲಿಂಫೋಮಾ ರಕ್ತದೊಡನೆ ಇಲ್ಲಿಗೆ ಬಂದು ನೆಲಸಿರುತ್ತದೆ. ಆದುದರಿಂದಲೇ ವೈದ್ಯರು ತಲೆಯ ಗಡ್ಡೆಯನ್ನು ಕಂಡೊಡನೆ ಎದೆ ಹೊಟ್ಟೆಗಳ ಸ್ಕ್ಯಾನು, ಎಲುಬಿನ ಮಜ್ಜೆ, ಬೆನ್ನುಹುರಿಯ ನೀರು ಎಂದು ಎಲ್ಲವನ್ನೂ ಶೋಧಿಸುತ್ತಾರೆ. ಬೇರೆಲ್ಲೂ ಇಲ್ಲದೆ ಇಲ್ಲಿಯೇ ಹುಟ್ಟಿದ ಲಿಂಫೋಮಾ ಅತಿ ವಿರಳ. ಇಡೀ ಪ್ರಪಂಚದ ವೈದ್ಯಪತ್ರಿಕೆಗಳಲ್ಲಿ ವರದಿಯಾದ ಅಂತಹ ರೋಗಿಗಳನ್ನು ಎಣಿಸಿದರೆ ಲೆಕ್ಕ ಹತ್ತುಗಳಲ್ಲಿ ಸಾಗುತ್ತದೆ, ಸಾವಿರಗಳಲ್ಲಿ ಅಲ್ಲ. ಹೆಚ್ಚಿನವರು ನಡುವಯಸ್ಸು ದಾಟಿದವರು. ಕೆಲವರು ಎಚ್‌ಐವಿ ಮುಂತಾದ ಕಾರಣಗಳಿಂದ ರೋಗನಿರೋಧ ಶಕ್ತಿ ಕುಂದಿದವರು. ಬಹುಪಾಲು ಪ್ರಸಂಗಗಳಲ್ಲಿ ಕೆಟ್ಟಿರುವುದು ‘ಬಿ’ ಎಂಬ ಜಾತಿಯ ಲಿಂಫೋಸೈಟು.

ಇಷ್ಟು ವಿರಳವಾದ ರೋಗದ ಬಗ್ಗೆ ಸಂಸಾರಸ್ಥರ ಪತ್ರಿಕೆಯಲ್ಲಿ ಇಷ್ಟುದ್ದ ಬರೆಯುವುದೇಕೆ ಎಂದು ಯಾರಾದರೂ ಕೇಳಬಹುದು. ಕಾರಣವಿದೆ. ರೋಗ ವಿರಳವಾದರೂ ಅದರ ಚಿಹ್ನೆಗಳು ಯಾವುವೂ ವಿರಳವಲ್ಲ. ಆಯಾಸ, ತಲೆನೋವು, ಬಾಯಾರಿಕೆ, ಮಂಜುಗಣ್ಣು: ಇವು ಪ್ರತಿ ಹಟ್ಟಿಯಲ್ಲಿ, ಪ್ರತಿ ಮನೆಯಲ್ಲಿ ಇರುವಂಥವು. ಒಂದೊಂದಕ್ಕೂ ನಾವು ಒಂದೊಂದು ಹಳೆಯ ಕಾರಣ ಹೇಳಿ ಸುಮ್ಮನಾಗುತ್ತೇವೆ. ವಯಸ್ಸಾಯಿತು, ಪಿತ್ತ ಏರಿತು, ಕನ್ನಡಕ ಬದಲಾಯಿಸಬೇಕು, ಸಕ್ಕರೆ ಕಾಯಿಲೆ ಇರಬಹುದು. ಪಿಟ್ಯುಟರಿಯ ರೋಗಗಳೆಲ್ಲವೂ, ಲಿಂಫೋಮಾ ಇರಲಿ ಬೇರೆ ಇರಲಿ, ಈ ಹಳೆಯ ಕಾರಣಗಳ ಮರೆಯಲ್ಲಿಯೇ ಬೆಳೆಯುತ್ತವೆ.

ಬಾಯಾರಿಕೆಯನ್ನೇ ತೆಗೆದುಕೊಳ್ಳಿ. ವಾಸೋಪ್ರೆಸಿನ್ ಕಡಮೆಯಾದರೆ ಮೂತ್ರಪಿಂಡಗಳಿಗೆ ಎಚ್ಚರಿಕೆ ಕೊಡುವವರಿಲ್ಲ. ದಿನಕ್ಕೆ ಒಂದೆರಡು ಲೀಟರು ಹೋಗಬೇಕಾದ ಮೂತ್ರ ಮೂರು ಲೀಟರಿಗೆ ಮಿಕ್ಕಿ, ಕೆಲವರಲ್ಲಿ ಹತ್ತು ಲೀಟರಿಗೂ ಮೇಲೆ ಹೋಗುತ್ತದೆ. ನೀರಿನಂತೆ ಬಣ್ಣಗೆಟ್ಟ ಮೂತ್ರ. ಅದಕ್ಕೆ ತಕ್ಕ ದಾಹ. ರೋಗಿ ರಾತ್ರಿ ನಾಲ್ಕೈದು ಸಲ ಎದ್ದು, ಪ್ರತಿ ಸಲವೂ ಚೆಂಬು ಬರಿದು ಮಾಡಿ ಮಲಗುತ್ತಾನೆ. ಅದರಲ್ಲಿಯೂ ಅವನಿಗೆ ಬೇಕೆನಿಸುವುದು ತಣ್ಣೀರು. ನಮ್ಮ ಕೋತಗಿರಿಯಲ್ಲಿ ಮಾರ್ಗಶಿರ ಪುಷ್ಯಗಳ ಚಳಿಯಲ್ಲಿ ಬಿಸಿನೀರನ್ನು ಕುಡಿಯುವುದಕ್ಕೂ ಜನ ಹಿಂಜರಿಯುತ್ತಾರೆ. ಅಂತಹ ಇರುಳಿನಲ್ಲಿ ಮನೆಯ ಹಿರಿಯರೊಬ್ಬರು ಹೊರಗಿಟ್ಟ ತಣ್ಣೀರಿನ ಕೊಡವನ್ನೇ ಹುಡುಕಿಕೊಂಡು ಹೋದರೆ ಮನೆಯವರು ಅದನ್ನು ಗಮನಿಸಬೇಕು. ರಕ್ತ ಪರೀಕ್ಷೆ ಮಾಡಿಸುತ್ತಾರೆ, ಸಕ್ಕರೆ ಸರಿಯಾಗಿರುತ್ತದೆ, ಸಕ್ಕರೆ ಇಲ್ಲ ಎಂದು ಸಂತೋಷಪಟ್ಟು ಮನೆಗೆ ಬರುತ್ತಾರೆ. ಸಕ್ಕರೆಯಿಲ್ಲದ ಈ ಅತಿಮೂತ್ರಕ್ಕೆ ಡಯಾಬಿಟಿಸ್ ಇನ್‌ಸಿಪಿಡಸ್ ಎಂಬ ಬೇರೆಯೇ ಹೆಸರಿದೆ. ಸಿಹಿಮೂತ್ರದ ಜೊತೆ ಹೆಸರಿನ ಗೊಂದಲವಾಗಿ, ಆಸ್ಪತ್ರೆಗಳಲ್ಲಿಯೇ ರೋಗಿಗಳಿಗೆ ಬೇಕಾದ ಔಷಧ ತಪ್ಪಿಹೋಗುತ್ತಿದ್ದುದರಿಂದ, ೨೦೨೨ರಲ್ಲಿ ತಜ್ಞರ ಸಂಘಗಳು ಇದನ್ನು ವಾಸೋಪ್ರೆಸಿನ್ ಕೊರತೆ ಎಂದು ಕರೆಯಬೇಕೆಂದು ಸೂಚಿಸಿದವು. ನಮ್ಮ ಅಭಿಪ್ರಾಯದಲ್ಲಿ ಒಳ್ಳೆಯ ನಿರ್ಧಾರ.

ಈ ಬಾಯಾರಿಕೆಗೆ ಇನ್ನೊಂದು ಮಹತ್ತ್ವವೂ ಇದೆ. ಪಿಟ್ಯುಟರಿಯಲ್ಲಿ ಸಾಮಾನ್ಯವಾಗಿ ಕಾಣುವ ಗಡ್ಡೆ ಅಡೆನೋಮಾ ಎಂಬುದು. ಅದು ಏಡಿಗಂತಿಯಲ್ಲ, ನಿಧಾನವಾಗಿ ವರ್ಷಗಟ್ಟಲೆ ಬೆಳೆಯುತ್ತದೆ, ಕಣ್ಣಿನ ನರವನ್ನು ಒತ್ತಿದರೂ ಶಸ್ತ್ರಕ್ರಿಯೆಗೆ ಮೊದಲು ವಾಸೋಪ್ರೆಸಿನ್ನಿಗೆ ಕುತ್ತು ತರುವುದು ಬಲು ಅಪರೂಪ. ಆದುದರಿಂದ ಗ್ರಂಥಿಯಲ್ಲಿ ಗಡ್ಡೆಯೂ ಇದ್ದು, ಮೊದಲಿನಿಂದಲೇ ಅತಿಮೂತ್ರವೂ ಇದ್ದರೆ, ಇದು ಅಡೆನೋಮಾ ಅಲ್ಲದೆ ಬೇರೇನೋ ಇರಬೇಕೆಂದು ನುರಿತ ವೈದ್ಯರು ಶಂಕಿಸುತ್ತಾರೆ. ಆ ‘ಬೇರೇನೋ’ ಎಂಬುದರೊಳಗೆ ಲಿಂಫೋಮಾ ಬರುತ್ತದೆ. ಎದೆಯ ಅಥವಾ ಶ್ವಾಸಕೋಶದ ಏಡಿಗಂತಿ ಇಲ್ಲಿಗೆ ಹರಡಿರುವುದು ಬರುತ್ತದೆ. ನಮ್ಮ ದೇಶದಲ್ಲಿ ಮರೆಯಲಾಗದ ಕ್ಷಯರೋಗವೂ ಬರುತ್ತದೆ. ದೇಹವು ತನ್ನ ಗ್ರಂಥಿಯ ಮೇಲೆ ತಾನೇ ಮುನಿದು ಉಂಟಾಗುವ ಉರಿಯೂತವೂ ಬರುತ್ತದೆ. ಎಂಆರ್‌ಐ ಚಿತ್ರದಲ್ಲಿ ಇವೆಲ್ಲ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ. ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡದೆ ಹೆಸರಿಡುವಂತಿಲ್ಲ.

ಕಣ್ಣಿನ ವಿಚಾರ. ಗಡ್ಡೆ ಮೇಲಕ್ಕೆ ಬೆಳೆದರೆ ಹಾಯ್ದುಹೋಗುವ ನರಗಳು ಒತ್ತಿ ಎರಡು ಕಣ್ಣುಗಳಲ್ಲಿಯೂ ಹೊರಪಕ್ಕದ ದೃಷ್ಟಿ ಮಂಕಾಗುತ್ತದೆ. ನೇರ ಎದುರಿಗಿರುವುದು ಕಾಣುತ್ತದೆ, ಅಕ್ಷರ ಓದಲು ಬರುತ್ತದೆ. ಆದರೆ ಬಾಗಿಲಿನ ಚೌಕಟ್ಟಿಗೆ ಭುಜ ತಾಗುತ್ತದೆ, ಮೆಟ್ಟುಪಾಳ್ಯದ ಘಟ್ಟದಲ್ಲಿ ಪಕ್ಕದಿಂದ ಮುಂದೆ ಹಾಯುವ ವಾಹನ ಕಡೆಯ ಗಳಿಗೆಯವರೆಗೆ ಕಾಣುವುದಿಲ್ಲ. ಗಡ್ಡೆ ಪಕ್ಕಕ್ಕೆ ಬೆಳೆದರೆ ರೆಪ್ಪೆ ಜೋಲುತ್ತದೆ, ಒಂದು ವಸ್ತು ಎರಡಾಗುತ್ತದೆ. ಇದು ಅಡೆನೋಮಾದಲ್ಲಿ ಕಡಮೆ, ಲಿಂಫೋಮಾದಲ್ಲಿ ಹೆಚ್ಚು. ಅಷ್ಟೇ ಅಲ್ಲ, ವಾರಗಳ ಲೆಕ್ಕದಲ್ಲಿ ಏರುತ್ತದೆ. ನಮ್ಮ ಪತ್ರಲೇಖಕರ ಅಣ್ಣನವರಿಗೆ ಆದುದು ಇದೇ.

ಮುಂಭಾಗದ ಹಾರ್ಮೋನುಗಳು ಕುಂದಿದಾಗ ಚಿಹ್ನೆಗಳು ಇನ್ನೂ ಮೆತ್ತಗೆ ಬರುತ್ತವೆ. ಕಾರ್ಟಿಸಾಲ್ ಕಡಮೆಯಾದರೆ ಹಸಿವಿಲ್ಲ, ವಾಕರಿಕೆ, ಎದ್ದುನಿಂತರೆ ತಲೆ ಸುತ್ತು. ಸಣ್ಣ ಜ್ವರವೂ ಮನುಷ್ಯನನ್ನು ನೆಲಕ್ಕೆ ಕೆಡಹುತ್ತದೆ. ಥೈರಾಯಿಡ್ ಕುಂದಿದರೆ ಚಳಿ ತಡೆಯದು, ಮಲಬದ್ಧತೆ, ಮಾತು ನಿಧಾನ. ಸ್ತ್ರೀಯರಿಗೆ ಮುಟ್ಟು ನಿಲ್ಲಬಹುದು. ಗ್ರಂಥಿಯ ಕಾಂಡ ಒತ್ತಿಹೋದಾಗ ಎದೆಹಾಲಿನ ಹಾರ್ಮೋನಿಗೆ ಮೇಲಿನಿಂದ ಇದ್ದ ತಡೆ ತಪ್ಪಿ, ಕೂಸಿಲ್ಲದ ಎದೆಯಲ್ಲಿ ಹಾಲು ಕಾಣಿಸಬಹುದು. ಪುರುಷರಲ್ಲಿ ದಾಂಪತ್ಯದ ಆಸಕ್ತಿ ಕುಗ್ಗುತ್ತದೆ. ಇವುಗಳನ್ನು ನಮ್ಮವರು ಹೇಳಿಕೊಳ್ಳುವುದೇ ಇಲ್ಲ. ಪರಭಾಷೆಯಲ್ಲಿ ಅಪರಿಚಿತ ವೈದ್ಯರ ಮುಂದೆ ಹೇಳುವುದಂತೂ ದೂರ. ಮನೆಯಿಂದ ಹೊರಡುವ ಮೊದಲೇ ಒಂದು ಹಾಳೆಯ ಮೇಲೆ ಬರೆದುಕೊಂಡು ಹೋಗಿ ಕೈಗೆ ಕೊಟ್ಟರೆ ಸಂಕೋಚವೂ ಉಳಿಯುತ್ತದೆ, ವಿಷಯವೂ ತಲಪುತ್ತದೆ.

ಇಲ್ಲಿ ಎರಡು ಸೂಕ್ಷ್ಮಗಳನ್ನು ಹೇಳಲೇಬೇಕು. ಈಗ ಪೇಟೆಪೇಟೆಗಳಲ್ಲಿಯೂ ಥೈರಾಯಿಡ್ ಪರೀಕ್ಷೆ ಮಾಡುತ್ತಾರೆ. ಎಷ್ಟೋ ಕಡೆ ನೋಡುವುದು ಟಿಎಸ್‌ಎಚ್ ಒಂದನ್ನೇ. ಈ ಟಿಎಸ್‌ಎಚ್ ಎಂಬುದು ಪಿಟ್ಯುಟರಿಯೇ ಕಳುಹಿಸುವ ಆಜ್ಞೆ. ಕೊರಳಿನ ಗ್ರಂಥಿ ಕೆಟ್ಟಾಗ ಆಜ್ಞೆಯ ಮೇಲೆ ಆಜ್ಞೆ ಹೊರಟು ಅದರ ಅಂಕೆ ಏರುತ್ತದೆ; ಆದರೆ ಆಜ್ಞೆ ಕೊಡುವವನೇ ಮಲಗಿದ್ದರೆ ಅಂಕೆ ಸರಿಯಾಗಿಯೇ ಇದ್ದಂತೆ ತೋರುತ್ತದೆ. ಥೈರಾಕ್ಸಿನ್ನನ್ನೂ ಜೊತೆಗೆ ಅಳೆದರೆ ಮಾತ್ರ ಕೊರತೆ ಬಯಲಾಗುತ್ತದೆ. ಎರಡನೆಯದು ಇದಕ್ಕಿಂತ ವಿಚಿತ್ರ. ಕಾರ್ಟಿಸಾಲ್ ಇಲ್ಲದಿದ್ದರೆ ದೇಹ ನೀರನ್ನು ಹೊರಹಾಕಲಾರದು. ಆದುದರಿಂದ ವಾಸೋಪ್ರೆಸಿನ್ ಇಲ್ಲದವನಲ್ಲಿಯೂ ಅತಿಮೂತ್ರ ಅಡಗಿಕೊಂಡಿರುತ್ತದೆ. ವೈದ್ಯರು ಕಾರ್ಟಿಸಾಲ್ ಮಾತ್ರೆ ಕೊಟ್ಟ ಮಾರನೆಯ ದಿನದಿಂದಲೇ ರೋಗಿ ಕೊಡಗಟ್ಟಲೆ ಮೂತ್ರ ಮಾಡತೊಡಗುತ್ತಾನೆ. ಮಾತ್ರೆಯಿಂದ ಹೊಸ ರೋಗ ಬಂತೆಂದು ಹೆದರಿ ಮನೆಯವರು ಅದನ್ನು ನಿಲ್ಲಿಸಿದರೆ ಜೀವಕ್ಕೇ ಅಪಾಯ. ಮಾತ್ರೆ ರೋಗವನ್ನು ತಂದದ್ದಲ್ಲ, ಮುಚ್ಚಿದ್ದುದನ್ನು ತೆರೆದು ತೋರಿಸಿತು.

ಈಗ ಈ ರೋಗದ ಅತಿ ಕಠಿಣವಾದ ಕವಲಿಗೆ ಬಂದೆವು. ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್ ಮೊದಲಾದ ಸ್ಟೆರಾಯಿಡುಗಳು ಲಿಂಫೋಮಾದ ಕಣಗಳನ್ನು ಕೆಲವೇ ದಿನಗಳಲ್ಲಿ ಕರಗಿಸಬಲ್ಲವು. ಕೇಳಲು ಒಳ್ಳೆಯ ಸುದ್ದಿಯಂತಿದೆ. ತಲೆನೋವು ಇಳಿಯುತ್ತದೆ, ಎರಡಾಗಿದ್ದ ದೀಪ ಒಂದಾಗುತ್ತದೆ, ಸ್ಕ್ಯಾನಿನಲ್ಲಿ ಗಡ್ಡೆ ಕುಗ್ಗಿರುತ್ತದೆ. ಮಾಯವೇ ಆಗಿಬಿಡುವುದೂ ಉಂಟು. ಆದರೆ ಅದು ವಾಸಿಯಲ್ಲ. ವಾರಗಳೋ ತಿಂಗಳುಗಳೋ ಕಳೆದು ಮತ್ತೆ ಬರುತ್ತದೆ. ಈ ನಡುವೆ ಚೂರು ತೆಗೆದರೆ ಸಿಕ್ಕುವುದು ಸತ್ತ ಕಣಗಳ ರಾಶಿ; ರೋಗದ ಹೆಸರು ಸಿಗುವುದಿಲ್ಲ, ಹೆಸರು ಸಿಗದೆ ಸರಿಯಾದ ಚಿಕಿತ್ಸೆಯೂ ಇಲ್ಲ. ಆದುದರಿಂದ ಲಿಂಫೋಮಾದ ಶಂಕೆಯಿದ್ದಾಗ ಚೂರು ತೆಗೆಯುವವರೆಗೆ ಸ್ಟೆರಾಯಿಡನ್ನು ಕೊಡದೆ ಕಾಯಬೇಕೆಂಬುದು ನಿಯಮ. ಇತ್ತ ಪಿಟ್ಯುಟರಿ ಕೆಟ್ಟವನಿಗೆ ಕಾರ್ಟಿಸಾಲೇ ಇಲ್ಲ. ಅದನ್ನು ಕೊಡದೆ ಶಸ್ತ್ರಕ್ರಿಯೆಯ ಮೇಜಿನ ಮೇಲೆ ಮಲಗಿಸಿದರೆ ರಕ್ತದೊತ್ತಡ ಕುಸಿದು ಪ್ರಾಣವೇ ಹೋಗಬಹುದು. ಕೊಟ್ಟರೆ ಸಾಕ್ಷಿ ಅಳಿಯುತ್ತದೆ, ಕೊಡದಿದ್ದರೆ ರೋಗಿ ಅಳಿಯುತ್ತಾನೆ. ಇಂತಹ ವೇಳೆಯಲ್ಲಿ ಪ್ರಾಣರಕ್ಷಣೆಗೆ ಬೇಕಾದಷ್ಟನ್ನೇ ಕೊಟ್ಟು, ಚೂರು ತೆಗೆಯುವ ದಿನವನ್ನು ಹತ್ತಿರಕ್ಕೆ ತರುವುದು ವೈದ್ಯರ ಜಾಣ್ಮೆ.

ಈ ಇಕ್ಕಟ್ಟನ್ನು ಮನೆಯವರು ಅರಿಯಬೇಕಾದುದು ಏಕೆಂದರೆ, ಅದನ್ನು ಮತ್ತಷ್ಟು ಬಿಗಿಯುವವರು ಅನೇಕ ವೇಳೆ ನಾವೇ. ಗಂಟುನೋವಿಗೆ, ಉಬ್ಬಸಕ್ಕೆ, ಹಸಿವಿಗೆ, ಮೈ ತುಂಬಿಕೊಳ್ಳಲೆಂದು ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡು ನುಂಗುವ ಸಣ್ಣ ಮಾತ್ರೆಗಳಲ್ಲಿ ಸ್ಟೆರಾಯಿಡು ಇರುವುದುಂಟು. ಹೆಸರಿಲ್ಲದ ಪೊಟ್ಟಣದ ಪುಡಿಗಳಲ್ಲಿಯೂ ಅದನ್ನು ಬೆರೆಸಿರುವುದು ಉಂಟು. ಚಹಾದ ಕೊಯ್ಲಿನ ದಿನಗಳಲ್ಲಿ ಸೊಂಟನೋವಿಗೆಂದು ಒಂದೆರಡು ವಾರ ಇವುಗಳನ್ನು ನುಂಗಿದವರು ಆಸ್ಪತ್ರೆಯಲ್ಲಿ ಅದನ್ನು ಹೇಳುವುದೇ ಇಲ್ಲ, ಅದೊಂದು ಔಷಧವೆಂದು ಅವರಿಗೆ ತೋರುವುದೇ ಇಲ್ಲ. ಬಹುಕಾಲ ನುಂಗಿದವರು ಥಟ್ಟನೆ ನಿಲ್ಲಿಸುವುದೂ ಅಷ್ಟೇ ಅಪಾಯ; ಅವರ ಸ್ವಂತ ಅಡ್ರೆನಲ್ಲುಗಳು ನಿದ್ದೆಹೋಗಿರುತ್ತವೆ. ಮನೆಯಲ್ಲಿರುವ ಮಾತ್ರೆಯ ಪಟ್ಟಿಗಳನ್ನೂ ಖಾಲಿ ಪೊಟ್ಟಣಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿದುಬಿಡಿ. ಬೈದರೆ ಬೈಯಲಿ.

ಪಿಟ್ಯುಟರಿ ಕುಂದುವುದಕ್ಕೆ ಲಿಂಫೋಮಾಕ್ಕಿಂತ ನಮ್ಮ ಹಳ್ಳಿಗಳಿಗೆ ಹತ್ತಿರವಾದ ಕಾರಣಗಳೂ ಇವೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋದ ತಾಯಿಗೆ ಗ್ರಂಥಿಯು ರಕ್ತವಿಲ್ಲದೆ ಸಾಯುವುದನ್ನು ಗ್ಲಾಸ್ಗೋದ ಶೀಹನ್ ಎಂಬ ವೈದ್ಯರು ೧೯೩೭ರಲ್ಲಿ ವಿವರಿಸಿದರು. ಬಾಣಂತಿಗೆ ಹಾಲೇ ಬಾರದಿರುವುದು, ಮುಟ್ಟು ಮರಳದಿರುವುದು ಅದರ ಮೊದಲ ಗುರುತು. ಕೊಳಕುಮಂಡಲದ ಹಾವು ಕಚ್ಚಿ ಬದುಕಿದವರಲ್ಲಿಯೂ ತಿಂಗಳುಗಳ ಅನಂತರ ಇದೇ ಕೊರತೆ ಕಾಣುವುದುಂಟು. ಇವುಗಳ ವಿಚಾರ ಬೇರೊಂದು ಸಂಚಿಕೆಗಿರಲಿ.

ನಿರ್ನಾಳ ಗ್ರಂಥಿಗಳ ಶಾಸ್ತ್ರಕ್ಕೂ ನಮ್ಮ ಈ ಬೆಟ್ಟಗಳಿಗೂ ಒಂದು ಹಳೆಯ ನಂಟು ಇದೆ; ನೀಲಗಿರಿಯ ಮಕ್ಕಳಿಗೂ ಅದು ತಿಳಿಯದಿರುವುದು ನಮಗೆ ಬೇಸರದ ವಿಷಯ. ನಮ್ಮ ನೆರೆಯ ಕೂನೂರಿನಲ್ಲಿ ೧೯೦೭ರಲ್ಲಿ ಪಾಸ್ಚರ್ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿನ ಒಂದೇ ಕೋಣೆಯಲ್ಲಿ ೧೯೧೮ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ಸೈನ್ಯದ ವೈದ್ಯರು ಬೆರಿಬೆರಿ ರೋಗದ ವಿಚಾರಣೆಯನ್ನು ಪ್ರಾರಂಭಿಸಿದರು. ಗಳಗಂಡದ ಮೇಲೆ ಅವರು ಅದಕ್ಕೂ ಮೊದಲೇ ಗಿಲ್ಗಿಟ್ಟಿನಲ್ಲಿ ಕೆಲಸ ಮಾಡಿದ್ದರು. ಥೈರಾಯಿಡ್ ಗ್ರಂಥಿಯನ್ನು ಕುರಿತ ಅವರ ಗ್ರಂಥ ೧೯೧೭ರಲ್ಲಿ ಹೊರಬಂದಿತ್ತು. ಕೂನೂರಿನಲ್ಲಿ ಅವರು ಪಾರಿವಾಳಗಳಿಗೂ ಕೋತಿಗಳಿಗೂ ಸತ್ತ್ವವಿಲ್ಲದ ಆಹಾರ ಕೊಟ್ಟು, ಆಮೇಲೆ ಅವುಗಳ ಒಂದೊಂದು ಗ್ರಂಥಿಯನ್ನೂ ತೂಗಿದರು. ಪಾರಿವಾಳಗಳಲ್ಲಿ ಬೇರೆ ಅಂಗಗಳು ಒಣಗಿದರೂ ಅಡ್ರೆನಲ್ಲುಗಳು ದಪ್ಪವಾಗಿದ್ದವು. ಆ ಒಂದು ಕೋಣೆಯ ಪ್ರಯೋಗಾಲಯವೇ ಬೆಳೆದು, ೧೯೫೮ರಲ್ಲಿ ಹೈದರಾಬಾದಿಗೆ ಹೋಗಿ, ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆಯಾಗಿದೆ. ಮೈಯ ಒಂದು ಮೂಲೆಯ ಗ್ರಂಥಿ ಇಡೀ ಮೈಯ ಲೆಕ್ಕವನ್ನು ಇಡುತ್ತದೆಂಬುದನ್ನು ತಕ್ಕಡಿಯಲ್ಲಿಟ್ಟು ನೋಡಿದ ಸ್ಥಳ ನಮ್ಮ ಮನೆಯ ಬಾಗಿಲಿನಲ್ಲಿಯೇ ಇತ್ತು.

ಚಿಕಿತ್ಸೆಗೆ ಬರೋಣ. ಲಿಂಫೋಮಾವನ್ನು ಕತ್ತರಿಸಿ ತೆಗೆದು ವಾಸಿಮಾಡುವುದಿಲ್ಲ. ಶಸ್ತ್ರಕ್ರಿಯೆ ಹೆಸರು ತಿಳಿಯುವುದಕ್ಕೂ, ಕಣ್ಣಿನ ನರದ ಮೇಲಿನ ಭಾರ ಇಳಿಸುವುದಕ್ಕೂ ಅಷ್ಟೆ. ನಿಜವಾದ ಮದ್ದು ರಕ್ತನಾಳದೊಳಕ್ಕೆ ಕೊಡುವ ಔಷಧಗಳು. ಅವುಗಳಲ್ಲಿ ಮಿದುಳಿನ ಭಾಗಕ್ಕೆ ಮುಖ್ಯವಾದುದು ಮೆಥೊಟ್ರೆಕ್ಸೇಟ್. ಗಂಟುನೋವಿಗೆ ವಾರಕ್ಕೊಮ್ಮೆ ಮಿಲಿಗ್ರಾಮುಗಳಲ್ಲಿ ಕೊಡುವ ಇದನ್ನೇ ಇಲ್ಲಿ ಗ್ರಾಮುಗಳ ಲೆಕ್ಕದಲ್ಲ��, ಆಸ್ಪತ್ರೆಯಲ್ಲಿ ಇಟ್ಟುಕೊಂಡು, ವಿಷ ಏರದಂತೆ ಪ್ರತಿಮದ್ದನ್ನೂ ಜೊತೆಗೆ ಕೊಡುತ್ತಾರೆ. ಈ ಜಾತಿಯ ಔಷಧಗಳ ಮೊದಲ ಸಂಶೋಧನೆಯನ್ನು ೧೯೪೦ರ ದಶಕದಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ನಡೆಸಿದ ತಂಡದ ನಾಯಕರು ಯಲ್ಲಾಪ್ರಗಡ ಸುಬ್ಬರಾಯರು. ಆಂಧ್ರದ ಭೀಮಾವರದಲ್ಲಿ ಹುಟ್ಟಿ ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಓದಿದವರು. ‘ಬಿ’ ಕಣಗಳನ್ನೇ ಗುರುತಿಸಿ ಹೊಡೆಯುವ ರಿಟುಕ್ಸಿಮ್ಯಾಬ್ ಎಂಬ ಔಷಧವನ್ನೂ, ಅಗತ್ಯವಿದ್ದರೆ ವಿಕಿರಣವನ್ನೂ ಸೇರಿಸುತ್ತಾರೆ. ಮೆಥೊಟ್ರೆಕ್ಸೇಟ್ ಮೂತ್ರದಲ್ಲಿ ತೊಳೆದುಹೋಗಬೇಕಾದುದರಿಂದ ನೀರು ಧಾರಾಳವಾಗಿ ಏರಿಸಬೇಕು. ರೋಗಿಗೋ ಮೂತ್ರದ ಹಿಡಿತವೇ ತಪ್ಪಿದೆ. ಆ ದಿನಗಳಲ್ಲಿ ದಾದಿಯರು ತಾಸುತಾಸಿಗೆ ಮೂತ್ರವನ್ನು ಅಳೆದು ಬರೆಯುವುದು ಇದಕ್ಕಾಗಿ. ಅಳೆಯುವ ಮೊದಲೇ ಚೆಲ್ಲಿಬಿಡಬೇಡಿ.

ಶಸ್ತ್ರವೈದ್ಯರು, ಹಾರ್ಮೋನು ತಜ್ಞರು, ಏಡಿಗಂತಿಯ ತಜ್ಞರು ಮೂವರೂ ಕೂಡಿ ನೋಡಬೇಕಾದ ರೋಗವಿದು. ಮೂವರೂ ಒಂದೇ ಆಸ್ಪತ್ರೆಯಲ್ಲಿದ್ದರೆ ಅನುಕೂಲ. ಘಟ್ಟ ಇಳಿದರೆ ಕೊಯಮತ್ತೂರು ಇದೆ. ದೂರ ಹೋಗುವವರಿಗೆ, ೧೯೪೯ರಲ್ಲಿ ಡಾಕ್ಟರ್ ಜೇಕಬ್ ಚಾಂಡಿಯವರು ದೇಶದ ಪ್ರಥಮ ನರಶಸ್ತ್ರ ವಿಭಾಗವನ್ನು ತೆರೆದ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಇದೆ. ಬೆಂಗಳೂರಿನಲ್ಲಿ ೧೯೭೪ರ ನಿಮ್ಹಾನ್ಸ್, ೧೯೭೩ರ ಕಿದ್ವಾಯಿ ಸಂಸ್ಥೆ ಇವೆ. ಕನ್ನಡದಲ್ಲಿ ಮಾತಾಡಿಕೊಳ್ಳಬಹುದೆಂಬ ಆಸೆಯಿಂದ ನಮ್ಮವರು ಬೆಂಗಳೂರಿಗೆ ಹೋಗುವುದು ಸಹಜ. ಆದರೆ ಸರಕಾರದ ಚಿಕಿತ್ಸಾ ವಿಮೆ ಪಡಿತರ ಚೀಟಿಯ ರಾಜ್ಯವನ್ನು ನೋಡುತ್ತದೆ, ಮನೆಮಾತನ್ನಲ್ಲ. ತಮಿಳುನಾಡಿನ ಚೀಟಿಗೆ ಅಲ್ಲಿ ಏನು ಸಲ್ಲುತ್ತದೆಂಬುದನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು. ಆಸ್ಪತ್ರೆ ಬದಲಾಯಿಸುವುದಾದರೆ ವರದಿಯ ಹಾಳೆ ಮಾತ್ರ ಸಾಲದು. ತೆಗೆದ ಚೂರನ್ನು ಮೇಣದ ಅಚ್ಚಿನಲ್ಲಿ ಇಟ್ಟಿರುತ್ತಾರೆ. ಆ ಅಚ್ಚನ್ನೂ ಗಾಜಿನ ಪಟ್ಟಿಗಳನ್ನೂ ಕೇಳಿ ಪಡೆದುಕೊಂಡು ಹೋಗಬೇಕು. ಎರಡನೆಯ ಸಲ ಮೂಗಿನೊಳಗೆ ಹೋಗುವ ಕಷ್ಟ ಅದರಿಂದ ತಪ್ಪಬಹುದು.

ಔಷಧಕ್ಕೆ ಲಿಂಫೋಮಾ ಒಳ್ಳೆಯ ರೀತಿಯಲ್ಲಿ ಮಣಿಯುವುದುಂಟು. ಮರಳುವ ಭಯವೂ ಉಂಟು. ಆದುದರಿಂದ ವರ್ಷಗಳವರೆಗೆ ಸ್ಕ್ಯಾನು ತಪ್ಪಿಸುವಂತಿಲ್ಲ. ಗಡ್ಡೆ ಹೋದ ಮೇಲೂ ಗ್ರಂಥಿಯ ಶಕ್ತಿ ಕೆಲವರಿಗೆ ಮರಳುತ್ತದೆ, ಅನೇಕರಿಗೆ ಮರಳುವುದಿಲ್ಲ. ಆಗ ಕಾರ್ಟಿಸಾಲಿನ ಮಾತ್ರೆ ಜೀವನಪರ್ಯಂತ. ಥೈರಾಕ್ಸಿನ್ ಬೇಕಾದರೆ ಅದು ಕಾರ್ಟಿಸಾಲಿನ ಅನಂತರವೇ. ಮೊದಲೇ ಕೊಟ್ಟರೆ ಇದ್ದಬದ್ದ ಕಾರ್ಟಿಸಾಲೂ ಬೇಗ ಸವೆದು ರೋಗಿ ಕುಸಿಯುತ್ತಾನೆ. ಜ್ವರ ಬಂದ ದಿನ ಕಾರ್ಟಿಸಾಲಿನ ಮಾತ್ರೆಯನ್ನು ಸಾಮಾನ್ಯವಾಗಿ ಎರಡರಷ್ಟು ಮಾಡಲು ವೈದ್ಯರು ಮೊದಲೇ ಹೇಳಿಕೊಟ್ಟಿರುತ್ತಾರೆ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಅದೇ ಔಷಧದ ಸೂಜಿಮದ್ದಿಗೆ ಹತ್ತಿರದ ಆಸ್ಪತ್ರೆಗೆ ಒಡನೆ ಹೋಗಬೇಕು. ಉಪವಾಸ, ವ್ರತ ಯಾವುದಿದ್ದರೂ ಈ ಮಾತ್ರೆಗೆ ರಜೆಯಿಲ್ಲ. ರೋಗಿಯ ಜೇಬಿನಲ್ಲಿ ಒಂದು ಚೀಟಿ ಇರಲಿ: ಹೆಸರು, ಮನೆಯವರ ವಿಳಾಸ, ‘ಪಿಟ್ಯುಟರಿ ಕೊರತೆ, ಸ್ಟೆರಾಯಿಡು ನಿಲ್ಲಿಸಕೂಡದು’ ಎಂಬ ಒಕ್ಕಣೆ. ಅದನ್ನು ತಮಿಳಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆಸಿ. ಬಸ್ಸಿನಲ್ಲಿ ಬಿದ್ದವನ ಚೀಟಿಯನ್ನು ಓದುವವರು ಕನ್ನಡ ಬಲ್ಲವರೇ ಆಗಿರಬೇಕೆಂದಿಲ್ಲ.

ಅತಿಮೂತ್ರಕ್ಕೆ ಡೆಸ್ಮೊಪ್ರೆಸಿನ್ ಎಂಬ ಔಷಧ ಮೂಗಿಗೆ ಸಿಂಪಡಿಸುವಂಥದೂ ಮಾತ್ರೆಯೂ ಆಗಿ ಸಿಗುತ್ತದೆ. ಅದನ್ನು ತೆಗೆದುಕೊಂಡ ರಾತ್ರಿ ಮನೆಯವರೆಲ್ಲರೂ ನಿದ್ದೆ ಮಾಡುತ್ತಾರೆ. ಆದರೆ ಔಷಧ ಮೈಯಲ್ಲಿರುವಾಗ ನೀರು ಹೊರಗೆ ಹೋಗುವುದಿಲ್ಲ. ಬಾಯಾರಿಕೆಯಿಲ್ಲದೆ ಕುಡಿದದ್ದೆಲ್ಲ ಒಳಗೇ ನಿಂತು ರಕ್ತದ ಸೋಡಿಯಂ ತೆಳುವಾಗುತ್ತದೆ. ತಲೆನೋವು, ಮಂಕು, ಕಡೆಗೆ ಸೆಳವು. ನಮ್ಮ ಕಡೆ ಕಾಯಿಲೆಯವರನ್ನು ನೋಡಹೋದವರು ಉಪಚಾರ ಮಾಡುತ್ತಾರೆ, ಅವರು ಯಾರ ಮನೆಗೆ ಹೋದರೂ ಮೊದಲು ಚಹಾ, ಆಮೇಲೆ ಮಜ್ಜಿಗೆ, ಹೊರಡುವಾಗ ಇನ್ನೊಂದು ಲೋಟ ಕಾಫಿ. ಬೇಡವೆಂದರೆ ಬೇಸರಪಟ್ಟುಕೊಳ್ಳುತ್ತಾರೆ. ಅಣ್ಣನವರು ಆಸ್ಪತ್ರೆಯಿಂದ ಮರಳಿದ ಮೇಲೆ ನೆಂಟರಿಷ್ಟರಿಗೆ ಪತ್ರಲೇಖಕರು ಮುಂಚಿತವಾಗಿಯೇ ತಿಳಿಸಿಬಿಡಲಿ: ಅವರಾಗಿ ಕೇಳಿದರೆ ಮಾತ್ರ ಲೋಟ ಕೊಡುವುದು, ಅರ್ಧ ಉಳಿಸಿ ಎದ್ದರೆ ಒತ್ತಾಯಿಸಬಾರದು.